ಎಷ್ಟು ಹಂದಿ ಬಿದ್ದವು

...ಅಥವಾ ಎಷ್ಟು ಹಂದಿ ಎಂಬ ಆ ಪ್ರಶ್ನೆ ಕೇಳಿದ್ದು ಠಾಣೆಯ ದಫೇದಾರನಲ್ಲ, ಪಕ್ಕದ ಮೇಜಿನ ಪೊಲೀಸನೇ ಇರಬಹುದು. ಹೇಳಿದಷ್ಟು ಸಲವೂ ಈ ಪ್ರಸಂಗ ನನ್ನ ಬಾಯಲ್ಲಿ ಚೂಪಾಗುತ್ತ ಬಂದಿದೆ, ಹಾಗಾಗಿ ಅದರ ಮೇಲೆ ನನಗೇ ಭರವಸೆ ಇಲ್ಲ. ದಫೇದಾರ ಅಂತಲೇ ಇಟ್ಟುಕೊಳ್ಳುತ್ತೇನೆ.

ಚುನಾವಣೆ ಘೋಷಣೆಯಾದರೆ ಬೆಳೆ ಕಾಯುವ ಬಂದೂಕುಗಳನ್ನೆಲ್ಲ ಠಾಣೆಗೆ ಜಮಾ ಮಾಡಬೇಕು. ಕಾಡಂಚಿನಲ್ಲಿ ಗೋವಿನಜೋಳ ಬೆಳೆಯುವ ನನ್ನ ಸೋದರಮಾವನ ಹತ್ತಿರ ಅಂಥದೊಂದು ಒಂಟಿ ನಳಿಗೆಯ ಬಂದೂಕಿತ್ತು. ಆ ವರ್ಷ ಲೈಸೆನ್ಸಿನ ನವೀಕರಣದ ಗಡುವೂ ಬಂದಿತ್ತು, ಅದಕ್ಕೆ ಠಾಣೆಯ ವರದಿ ಬೇಕು. ವರದಿ ಕೆಟ್ಟರೆ ಬಂದೂಕು ಹೋಯಿತು, ಬಂದೂಕು ಹೋದರೆ ಜೋಳ ಕಾಡುಹಂದಿಗಳ ಪಾಲು. ಕಾಗದ ಓದಲು ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ ನಾನು ದಾಂಡೇಲಿಯ ಅಂಬೇವಾಡಿಯಿಂದ ಬಸ್ಸು ಹತ್ತಿ ಜೊತೆಗೆ ಹೋದೆ. ಯಾವ ಠಾಣೆ ಎಂದು ಬರೆಯುವುದಿಲ್ಲ.

ಮನೆಯಿಂದ ಹೊರಗೆ ಹೋಗುವ ಬಂದೂಕಿಗೆ ಕೊಬ್ಬರಿ ಎಣ್ಣೆ ತಿಕ್ಕಿ, ನಳಿಗೆಯೊಳಗೆ ಬಟ್ಟೆ ಹಾಯಿಸಿ, ಹಿಡಿಗೆ ಕುಂಕುಮ ಹಚ್ಚಿ ಒಯ್ಯುವುದು ಮಾವನ ರೂಢಿ. ದಫೇದಾರ ನಳಿಗೆ ಮೂಸಿ ನೋಡಿದ. ಇಷ್ಟು ಚಂದ ಯಾಕೆ ಒರೆಸಿದ್ದೀರಿ, ಏನು ಮುಚ್ಚಲಿಕ್ಕೆ ಎಂದ. ಮಸಿ ಇದ್ದಿದ್ದರೆ ಮಸಿ ಯಾಕೆ ಎನ್ನುತ್ತಿದ್ದ. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಊಟ ಆಯಿತೇ ಎಂಬಷ್ಟು ಸಲೀಸಾಗಿ ಕೇಳಿದ:

“ಯಜಮಾನ್ರ, ಈ ವರ್ಷ ಎಷ್ಟ ಹಂದಿ ಬಿದ್ದಾವ್ರಿ?”

“ಒಂದೂ ಇಲ್ರಿ.”

“ಹಂಗಾರ ಬಂದೂಕು ಯಾಕ ಬೇಕ್ರಿ ನಿಮಗ? ಪಟಾಕಿ ಹಚ್ರಿ, ಮೊಮ್ಮಕ್ಕಳಿಗೂ ಖುಷಿ.”

ಬಿದ್ದಿದೆ ಎಂದರೆ ಅರಣ್ಯ ಇಲಾಖೆಯ ಕೇಸು, ಬಿದ್ದಿಲ್ಲ ಎಂದರೆ ಬಂದೂಕು ಯಾಕೆ. ಮೂರು ಸಲ ಹಾರಿಸಿದ್ದು ನಿಜ, ಮೂರೂ ಸಲ ಆಕಾಶಕ್ಕೆ ಎಂದು ಮಾವ ಹೇಳಿದರು. ಮ್ಯಾಲೆ ಹಂದಿ ಇರ್ತಾವೇನ್ರಿ ಎಂದು ಪಕ್ಕದ ಮೇಜಿನವನು ನಕ್ಕ. ನನಗೆ ತಡೆಯಲಾಗಲಿಲ್ಲ. ಹೀಗೆ ಬಾಯಿಮಾತಲ್ಲಿ ಸಿಕ್ಕಿಸಬೇಡಿ, ಅವರು ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳಿ ಎಂದೆ. ತಪ್ಪು ಮಾಡಿದೆ. ದಫೇದಾರ ಬರೆದುಕೊಂಡ. ಬರೆದ ಮೇಲೆ, ಮೂರು ತೋಟಾ ಹಾರಿಸಿದ್ದರೆ ಮೂರು ಖಾಲಿ ತೋಟಾ ಎಲ್ಲಿ ಎಂದ. ಮಾವ ಜೇಬಿನಿಂದ ಎರಡು ತೆಗೆದರು. ಇನ್ನೊಂದು ಹೊಲದಲ್ಲಿ ಎಲ್ಲೋ ಬಿದ್ದಿತ್ತಂತೆ. ಅದನ್ನೂ ಬರೆದುಕೊಂಡು ಬಂದೂಕಿಗೆ ರಸೀದಿ ಕೊಟ್ಟ, ಲೈಸೆನ್ಸಿನ ವರದಿ ಆಮೇಲೆ ಎಂದ.

ಸ್ವಲ್ಪ ದಿನದ ಹಿಂದೆ ಯಾರೋ ಬದುವಿನ ಜಗಳದಲ್ಲಿ ಲೈಸೆನ್ಸಿನ ಬಂದೂಕನ್ನೇ ಎತ್ತಿದ್ದನೆಂದು ಆಮೇಲೆ ಕೇಳಿದೆ. ದಫೇದಾರನಿಗೂ ಅಂಜಿಕೆ ಇದ್ದಿರಬೇಕು. ಆಗ ನನಗೆ ಸಿಟ್ಟೊಂದೇ ಇತ್ತು.

ಬಸ್ಸಿಗೆ ಕಾಯುತ್ತ ನಿಂತಾಗ, ಕೇಳಬಾರದೆಂದುಕೊಂಡೇ ಕೇಳಿಬಿಟ್ಟೆ: “ಖರೇನ ಒಂದೂ ಬಿದ್ದಿಲ್ಲೇನ್ ಮಾಮಾ?”

ಮಾವ ನನ್ನ ಕಡೆ ತಿರುಗಲಿಲ್ಲ. “ನೀನೂ ಬರಕೊ. ಪೆನ್ನು ತಂದೀಯಲ್ಲ.”

ಚುನಾವಣೆ ಮುಗಿಯಿತು. ವರದಿ ಹೋಗಿಲ್ಲ, ಬಂದೂಕು ಠಾಣೆಯಲ್ಲೇ ಇದೆ. ಮಾವ ತಗಡು ಬಡಿಯುತ್ತಾರೆ, ಹಂದಿಗಳು ಅದಕ್ಕೆ ಒಗ್ಗಿಹೋಗಿವೆ. ನನ್ನ ಜೊತೆ ಮಾತು ಕಡಿಮೆ. ಒಂದು ಮಳೆಗಾಲ ಅವರ ಮನೆಯಲ್ಲಿ ಖಾರದ ಸಾರು ಉಂಡದ್ದು ನೆನಪಿದೆ. ಯಾವ ಮಾಂಸ ಎಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅದು ಅದೇ ವರ್ಷವೋ, ಹಿಂದಿನದೋ. ಮಾವ ಹಂದಿ ಹೊಡೆದಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.