ಮಂಕರಿಯೊಳಗಿನ ಗುಲಾಬಿ

ನಾನು ಚಿಕ್ಕವನಿದ್ದಾಗ, ಒಂದು ಗುಲಾಬಿಗೆ ಏನೆಲ್ಲ ಕೇಡು ಬರಬಹುದು ಎಂದು ಯಾರಾದರೂ ಕೇಳಿದ್ದರೆ ಉಸಿರು ಬಿಡದೆ ಹೇಳಿಬಿಡುತ್ತಿದ್ದೆ. ಮೇಕೆ ತಿನ್ನಬಹುದು. ಮೊಗ್ಗಿಗೆ ಹುಳ ಬೀಳಬಹುದು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬರುವ ಮಂಜು ಎಸಳಿಗೆಲ್ಲ ಚುಕ್ಕೆ ಇಡಬಹುದು. ಬಿಸಿಲು ಜಾಸ್ತಿಯಾಗಿ ಹೂ ಮುಂಚೆಯೇ ಅರಳಿ ಉದುರಬಹುದು. ಕೋತಿ ಬರಬಹುದು. ಕೋತಿ ಓಡಿಸಲು ಹೋದವನೇ ಗಿಡದ ಮೇಲೆ ಬೀಳಬಹುದು. ಹೂ ಒಯ್ಯುವಾಗ ಬಸ್ಸು ಕೆಡಬಹುದು, ಕೆಡದಿದ್ದರೆ ದಪ್ಪನೆಯ ಯಾರಾದರೂ ಪಕ್ಕದಲ್ಲಿ ಒತ್ತಿಕೊಂಡು ಕೂರಬಹುದು. ಮನೆಯವರೆಲ್ಲ ನೆಮ್ಮದಿಯಾಗಿ ಉಣ್ಣುವಾಗ ನಾನೊಬ್ಬ ಹಿತ್ತಲ ಬಾಗಿಲನ್ನೇ ನೋಡುತ್ತಾ ಮುದ್ದೆ ನುಂಗುತ್ತಿದ್ದೆ. ಆ ಚಾಳಿ ಇನ್ನೂ ಹೋಗಿಲ್ಲ ಎನ್ನುವುದು ನನ್ನ ಮೊಮ್ಮಕ್ಕಳಿಗೆ ಚೆನ್ನಾಗಿ ಗೊತ್ತು.

ಗುಲಾಬಿ ಅಕ್ಕನದು. ಭೀಮನಬೀಡಿನ ನಮ್ಮ ಮನೆಗೆ ಆ ಕಸಿಗಿಡವನ್ನು ಅಪ್ಪ ತಂದದ್ದು, ಈರುಳ್ಳಿ ಲಾರಿಯ ಜೊತೆ ಮೈಸೂರಿಗೆ ಹೋಗಿದ್ದಾಗ. ಒಳಗೆ ಬೆಣ್ಣೆಯಂಥ ಹಳದಿ, ಅಂಚಿನಲ್ಲಿ ಕುಂಕುಮ ತಾಕಿಸಿದಂತೆ ಕೆಂಪು. ಚಾಮರಾಜನಗರದಲ್ಲಿ ಫಲಪುಷ್ಪ ಪ್ರದರ್ಶನ ಇದೆ, ಗೆದ್ದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ ಎಂದು ಅಕ್ಕ ಎಲ್ಲೋ ಕೇಳಿಕೊಂಡು ಬಂದಳು. ಸ್ಕೂಲು ಬಿಟ್ಟ ಮೇಲೆ ಅವಳ ಹೆಸರನ್ನು ಗಟ್ಟಿಯಾಗಿ ಕೂಗಿದವರೆಂದರೆ ನಾವೇ, ಅದೂ ನೀರು ತರುವುದಕ್ಕೆ. ಮೈಕಿನಲ್ಲಿ ಒಂದು ಸಲ ಕೇಳಬೇಕು ಎಂದು ಅವಳಿಗೆ ಆಸೆ ಹುಟ್ಟಿದ್ದರಲ್ಲಿ ತಪ್ಪೇನಿದೆ?

ಅಕ್ಕ ಗಿಡಕ್ಕೆ ಬೇವಿನ ನೀರು ಚಿಮುಕಿಸಿದಳು. ಮೇಕೆ ಬಾಯಿ ಹಾಕದಂತೆ ಸುತ್ತ ಮುಳ್ಳು ಒಟ್ಟಿದಳು. ಮೊಗ್ಗು ಬೇಗ ಬಿಚ್ಚಿಕೊಳ್ಳದಿರಲಿ ಎಂದು ಮೆತ್ತನೆಯ ಉಲ್ಲನ್ ದಾರವನ್ನು ಸಡಿಲವಾಗಿ ಸುತ್ತಿದಳು. ಇಷ್ಟಾದರೂ ದೊಡ್ಡ ಭಯ ಉಳಿದೇ ಇತ್ತು, ಅದು ಮನೆಯೊಳಗಿನದು. ಹೂ ಕೇಳಿಕೊಂಡು ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಕಡೆ ಇಲ್ಲ. "ಹೂ ಕೇಳ್ದೋರ್ಗೆ ಇಲ್ಲ ಅನ್ಬಾರ್ದು ಕಣಮ್ಮಿ. ಯಾರಾರಾ ಕೇಳುದ್ರೆ ಕಿತ್ತು ಕೊಟ್ಬುಡ್ತೀನಿ, ಆಮೇಲೆ ಅಳ್ಬ್ಯಾಡ" ಎಂದು ಅವ್ವ ಮೊದಲೇ ಹೇಳಿಬಿಟ್ಟಿದ್ದಳು. ಕಣ್ಣಿಗೆ ಬಿದ್ದರೆ ತಾನೆ ಕೇಳುವುದು? ಅಕ್ಕ ಕೋಳಿ ಮುಚ್ಚುವ ಬಿದಿರಿನ ಮಂಕರಿಯನ್ನು ಗಿಡದ ಮೇಲೆ ಕವುಚಿದಳು.

ಮೂಲೆಮನೆ ಅತ್ತೆ ಹಿತ್ತಲಿಗೆ ಬಂದವಳು ಅದನ್ನೇ ನೋಡಿದಳು. "ಇದ್ಯಾನಮ್ಮಿ, ಮಂಕರಿ?"

"ಕೋಳಿ ಕಾವ್ಗೆ ಕೂತದೆ ಅತ್ತೆ."

"ಗಿಡುದ್ ಮ್ಯಾಲಾ?"

"ನಮ್ಮನೆ ಕೋಳಿಗೆ ಎತ್ರುದ್ ಮ್ಯಾಲೇ ಮನ್ಸು."

ಅತ್ತೆ ಅಕ್ಕನನ್ನು ಒಮ್ಮೆ, ಮಂಕರಿಯನ್ನು ಒಮ್ಮೆ ನೋಡಿ, ನಗು ತಡೆದುಕೊಂಡು ಹೊರಟುಹೋದಳು.

ಪ್ರದರ್ಶನದ ದಿನ ನಸುಕಿನಲ್ಲೇ ಹೂ ಕತ್ತರಿಸಿ, ನೀರು ತುಂಬಿದ ಬಾಟಲಿಗೆ ಇಳಿಸಿ, ಅಪ್ಪ, ಅಕ್ಕ, ನಾನು ಮೂವರೂ ಹೊರಟೆವು. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿದೆವು. ತೆರಕಣಾಂಬಿ ಬರುವ ಹೊತ್ತಿಗೆ ಬಸ್ಸಿನ ತುಂಬ ಜನ, ಹುರುಳಿ ಮೂಟೆ, ಬೀಡಿ ಹೊಗೆ. ಅಕ್ಕ ಬಾಟಲಿಯನ್ನು ಎದೆಗೆ ಹಿಡಿದು ಕೂತಿದ್ದಳು. ನಾನು ಅದರ ಮೇಲೆ ಛತ್ರಿ ಬಿಚ್ಚಿ ಹಿಡಿದೆ.

"ಛತ್ರಿ ಮಡ್ಚ್ಲಾ" ಎಂದ ಅಪ್ಪ. "ಬಸ್ನೊಳ್ಗೆ ಎಲ್ ಬಂದದ್ಲಾ ಮಳೆ?"

"ಯಾರಾರ ಸೀನುದ್ರೆ?" ಎಂದೆ. ಕಂಡಕ್ಟರು ನಕ್ಕ ನಗುವಿಗೆ ಇಡೀ ಬಸ್ಸು ತಿರುಗಿ ನೋಡಿತು.

ಹೂವಿಗೆ ಏನೂ ಆಗಲಿಲ್ಲ. ಶಾಮಿಯಾನದ ಕೆಳಗೆ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಅಕ್ಕ ದಾರ ಬಿಚ್ಚಿದಾಗ ಎಸಳುಗಳು ಮೆಲ್ಲಗೆ ಸಡಿಲಗೊಂಡವು. ಒದ್ದೆ ಮಣ್ಣು, ಹೂವು, ಹಣ್ಣುಗಳ ವಾಸನೆ ಬೆರೆತು ಅಲ್ಲಿನ ಗಾಳಿಯೇ ಸಿಹಿಯಾಗಿತ್ತು. ಬಾಟಲಿಯ ಮುಂದೆ ಒಂದು ಚೀಟಿ, ಅದರಲ್ಲಿ ಅಕ್ಕನ ಹೆಸರು. ಉದ್ಘಾಟನೆ ಮುಗಿದ ಮೇಲೆ ತೀರ್ಪುಗಾರರು ಬರುತ್ತಾರೆ ಎಂದರು. ಅಪ್ಪ ಟೀ ಕುಡಿಯಲು ಹೋದ. ನನಗೆ ಆ ದಿನ ಮೊದಲ ಸಲ ಹಸಿವಾಯಿತು.

ಆಗ ಮುಖ್ಯ ಅತಿಥಿಯ ಜೀಪು ಬಂತು. ಹಾರ ಇತ್ತು, ಶಾಲು ಇತ್ತು, ಕೋಟಿಗೆ ಸಿಕ್ಕಿಸುವ ಗುಲಾಬಿ ತರುವುದನ್ನು ಮರೆತಿದ್ದರು. ಬ್ಯಾಡ್ಜು ಹಾಕಿಕೊಂಡ ಒಬ್ಬರು ಮೇಜುಗಳ ನಡುವೆ ಓಡೋಡಿ ಬಂದರು, ಒಂದು ಕ್ಷಣ ಆ ಕಡೆ ಈ ಕಡೆ ನೋಡಿದರು, ಅಕ್ಕನ ಬಾಟಲಿಯಿಂದ ಹೂವನ್ನು ಎತ್ತಿಕೊಂಡು, ಕಡ್ಡಿಯನ್ನು ಗೇಣುದ್ದ ಮುರಿದು ಅಲ್ಲೇ ಎಸೆದು ಹೊರಟೇಹೋದರು. ಅಷ್ಟೊಂದು ಹೂಗಳಲ್ಲಿ ಅವರ ಕೈ ಒಳ್ಳೆಯದಕ್ಕೇ ಹೋಯಿತು ನೋಡಿ. ಕೇಳಿದ್ದರೆ ಅಕ್ಕ ಇಲ್ಲ ಅನ್ನುತ್ತಿರಲಿಲ್ಲವೇನೋ, ಅವ್ವ ಬೆಳೆಸಿದ ಹುಡುಗಿ. ಅವರು ಕೇಳಲೇ ಇಲ್ಲ. ಇಷ್ಟು ವರ್ಷವಾದರೂ ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಮಕ್ಕಳೇ, ನಿಮ್ಮ ಕಾಲ ಬೇರೆ. ಈಗ ಗುಂಡ್ಲುಪೇಟೆ ಹೆದ್ದಾರಿಯ ಪಕ್ಕದ ಸೂರ್ಯಕಾಂತಿ ಹೊಲಗಳ ಮುಂದೆ ಕೇರಳದ ಕಾರುಗಳು ಸಾಲಾಗಿ ನಿಲ್ಲುತ್ತವೆ. ನೀವು ಮೊಗ್ಗು ಬಿಟ್ಟ ದಿನವೇ ಫೋಟೊ ತೆಗೆದು ಊರಿಗೆಲ್ಲ ಕಳಿಸುತ್ತೀರಿ. ಹೂ ಹೋದರೂ ಸಾಕ್ಷಿ ಉಳಿಯುತ್ತದೆ. ಇದನ್ನು ಕೇಳಿದ ನನ್ನ ಮೊಮ್ಮಗಳಂತೂ, "ನಾನಾಗಿದ್ರೆ ಸ್ಟೇಜ್ ಹತ್ತಿ ವಾಪಸ್ ತಗೊಂಡ್ ಬರ್ತಿದ್ದೆ ತಾತ" ಎಂದಳು. ಹತ್ತುವವಳೇ. ಆ ಸ್ಟೇಜಿನ ಮೆಟ್ಟಿಲು ಜಾರಿದ್ದರೆ ಗತಿಯೇನು ಎಂದು ನನಗೆ ಈಗ ಹೊಸ ಚಿಂತೆ.

ಅಕ್ಕ ಹತ್ತಲಿಲ್ಲ. ಬಾಟಲಿ ಬಿಟ್ಟು ಕದಲಲೂ ಇಲ್ಲ. ತೀರ್ಪುಗಾರರು ಬಂದು ಚೀಟಿಯಲ್ಲಿದ್ದ ಅವಳ ಹೆಸರನ್ನು ಗಟ್ಟಿಯಾಗಿಯೇ ಓದಿ, "ಹೂ ಎಲ್ಲಮ್ಮ?" ಎಂದರು. ಅಕ್ಕ ವೇದಿಕೆಯತ್ತ ಬೆರಳು ತೋರಿಸಿದಳು. ಅಲ್ಲಿ ಅತಿಥಿ ಯಾರದೋ ಭಾಷಣ ಕೇಳುತ್ತಾ, ಹೂವನ್ನು ಕೋಟಿನಿಂದ ತೆಗೆದು, ಒಂದೊಂದೇ ಎಸಳು ಕೀಳುತ್ತಾ ಕೂತಿದ್ದರು. ತೀರ್ಪುಗಾರರು ಅತ್ತ ನೋಡಿದರು, ಕನ್ನಡಕ ಸರಿಮಾಡಿಕೊಂಡರು, "ಹೂ ತಂದಿಲ್ಲ" ಎಂದು ಬರೆದುಕೊಂಡು ಮುಂದಿನ ಬಾಟಲಿಗೆ ಹೋದರು.