ಕುಮಟೆಯಲ್ಲಿ ಕಚ್ಚಿದ ಏಡಿ

ಬೆಳಿಗ್ಗೆ ಭಟ್ಕಳದಲ್ಲಿ ಕುಮಟೆ ಬಸ್ಸು ಹತ್ತಿದೆವು, ನಾನು ಮತ್ತು ತಂಗಿ ಮಾದೇವಿ. ಆಧಾರ್ ತೋರಿಸಿದ್ದಕ್ಕೆ ಇಬ್ಬರಿಗೂ ಟಿಕೆಟ್ ಪುಕ್ಕಟೆ. ಮಳೆ ಹಿಡಿದಿತ್ತು.

ಮಾದೇವಿ ಜಾಲಿ ಕಡಲ ದಂಡೆಯಿಂದ ಮೀನು ಬುಟ್ಟಿ ಹೊತ್ತು, ಹೆದ್ದಾರಿ ದಾಟಿ, ಆಚೆ ಕೇರಿಯಲ್ಲಿ ಮನೆಮನೆಗೆ ಮಾರುವವಳು. ಬಾವಿಕಟ್ಟೆಯಲ್ಲಿ ಜಾರಿ ತಲೆಗೆ ಪೆಟ್ಟಾದ ಮೇಲೆ ಮನೆಯಲ್ಲೇ ಕೂತಿದ್ದಳು. ಎಲ್ಲ ಕಾಣುತ್ತದೆ, ಓಡುವುದು ಮಾತ್ರ ಕಾಣುವುದಿಲ್ಲ ಎನ್ನುತ್ತಾಳೆ. ಇಂಥ ಕಾಯಿಲೆ ನಾನು ಕೇಳಿಲ್ಲ. ಸೊಸೆಗೆ ಬುಟ್ಟಿ ಹೊರಿಸುವ ಉಪಾಯ ಇದು ಎಂದೇ ನನ್ನ ಅನುಮಾನ. ನಾಟಕವಾದರೆ ನಾಳೆಯೇ ಬುಟ್ಟಿ ಹೊರಿಸಿ ರಸ್ತೆಗೆ ಎಳೆಯುವುದು ಎಂದು ಕುಮಟೆಯ ಡಾಕ್ಟರಲ್ಲಿಗೆ ಜೊತೆಗೆ ಹೊರಟೆ.

ಶರಾವತಿ ಸೇತುವೆಯ ಮೇಲೆ ಕೇಳಿದೆ, "ಹೊಳೆ ಹರೀತದನೇ?"

"ಇಲ್ಲ ಅಕ್ಕ. ಕ್ಯಾಲೆಂಡರಿನ ಚಿತ್ರದ ಹಾಗೆ ನಿಂತದೆ."

ಹೊನ್ನಾವರದಲ್ಲಿ ಇಳಿದು ಚಾ ಕುಡಿದೆವು. ಮಾದೇವಿ ಕಪ್ಪಿನ ಚಾ ಬಸಿಗೆ ಸುರಿದವಳು ಸುರಿಯುತ್ತಲೇ ಇದ್ದಳು. ಬಸಿ ತುಂಬಿ ಸೀರೆಗೆಲ್ಲ ಚಾ.

"ಏರಿದ್ದು ಕಾಣ್ಲಿಲ್ಲ."

"ಸೀರೆ ಹಾಳಾದದ್ದಾದ್ರೂ ಕಂಡ್ತಾ?" ಎಂದೆ. ಚಾ ಚೆಲ್ಲಲು ಯಾರಿಗೆ ಬರುವುದಿಲ್ಲ?

ಕುಮಟೆಯ ಡಾಕ್ಟರಮ್ಮ ಸ್ಕ್ಯಾನ್ ನೋಡಿದಳು. "ಅಜ್ಜಿ, ಬಣ್ಣ, ಆಕಾರ ಕಾಣೋಕೆ ಮಿದುಳಲ್ಲಿ ಒಂದು ಜಾಗ, ಓಡಾಟ ಕಾಣೋಕೆ ಇನ್ನೊಂದು. ಇವರಿಗೆ ಆ ಇನ್ನೊಂದಕ್ಕೇ ಎರಡೂ ಬದಿ ಪೆಟ್ಟಾಗಿದೆ. ಬಸ್ಸು ದೂರ ಇದ್ದದ್ದು ಕಾಣ್ತದೆ, ಆಮೇಲೆ ಮೈಮೇಲೆ ಬಂದು ನಿಂತದ್ದು ಕಾಣ್ತದೆ. ನಡುವೆ ಬಂದದ್ದು ಕಾಣೋದಿಲ್ಲ."

"ಗುಳಿಗೆ?"

"ಇದಕ್ಕೆ ಗುಳಿಗೆ ಇಲ್ಲ."

ಗುಳಿಗೆ ಇಲ್ಲದ ಕಾಯಿಲೆ! ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಮೀನುಪೇಟೆಗೆ ಹೋದೆವು. ಒಬ್ಬಳ ಬೋಗುಣಿಯಲ್ಲಿ ಕಾಲು ಕಟ್ಟದ ದೊಡ್ಡ ಏಡಿ, ಇಕ್ಕಳದಂಥ ಕೊಂಬು ಎತ್ತಿ ಆಡಿಸುತ್ತಿತ್ತು. ಮಾದೇವಿ ಬಗ್ಗಿ ನೋಡಿದಳು. "ಸತ್ತ ಏಡಿಗೆ ಇಷ್ಟು ರೇಟಾ?"

"ಎಂತ ಅಮ್ಮ, ಕೈ ಬೀಸಿ ನಿಮ್ಮನ್ನೇ ಕರೀತದೆ, ಸತ್ತದ್ದಂತೆ!" ಮಾರುವವಳು ನಕ್ಕಳು.

ಅಷ್ಟರಲ್ಲಿ ಮಾದೇವಿ ಕೈ ಹಾಕಿಯಾಗಿತ್ತು, ಅದೂ ಎದುರಿನಿಂದ. ಏಡಿ ಹೆಬ್ಬೆರಳು ಹಿಡಿಯಿತು. ಬಿಡಿಸುವಾಗ ರಕ್ತ ಬಂತು. ಜನ್ಮವೆಲ್ಲ ಏಡಿ ಮಾರಿದವಳು ನಾಟಕಕ್ಕಾದರೂ ಜೀವದ ಏಡಿಗೆ ಎದುರಿನಿಂದ ಕೈ ಹಾಕುವುದಿಲ್ಲ.

ಸಂಜೆ ಭಟ್ಕಳದಲ್ಲಿ ಇಳಿದು ಹೆದ್ದಾರಿ ಬದಿಗೆ ನಿಂತೆವು. ಮಾದೇವಿ ಕಣ್ಣು ಮುಚ್ಚಿದಳು. "ಸದ್ದು ಕೇಳಿ ದಾಟ್ತೆ. ಲಾರಿ ಬಂತು. ಹೋತು. ಇನ್ನು ನಡಿ."

ಲೆಕ್ಕ ಸರಿಯಾಗಿತ್ತು. ಒಬ್ಬಳೇ ದಾಟಿಯಾಳು ಎಂದುಕೊಳ್ಳುವಷ್ಟರಲ್ಲಿ ಬಲದಿಂದ ಏನೋ ಮಸುಕಾಗಿ, ಸದ್ದಿಲ್ಲದೆ ನುಗ್ಗಿತು. ಸೆರಗು ಹಿಡಿದು ಎಳೆದೆ. ಅವಳು ಕಣ್ಣು ಬಿಟ್ಟಳು.

"ಎಂತದು ಹೋದದ್ದು?" ಎಂದೆ. ನನ್ನ ಕಣ್ಣಿಗೆ ಪೊರೆ ಬಂದಿದೆ.

"ಬ್ಯಾಟರಿ ಸ್ಕೂಟರ್. ನೀಲಿ. ಹಿಂದೆ ಅಕ್ಕಿ ಚೀಲ," ಎಂದಳು. "ಅಗಾ, ಅಲ್ಲೇ ನಿಂತದೆ."

ನಿಂತಿರಲಿಲ್ಲ. ಆ ಮಸುಕು ಆಗಲೇ ತಿರುವಿನಲ್ಲಿ ಮಾಯವಾಗಿತ್ತು.

"ನಾಳೆಯಿಂದ ಬುಟ್ಟಿ ನಿಂದು. ರಸ್ತೆ ನಾನು ದಾಟಿಸ್ತೆ," ಎಂದೆ.

"ಕುರುಡಿ ದಾಟಿಸೋದಾ?"

"ಬಾಯಿ ಮುಚ್ಚಿ ನಡಿ," ಎಂದು ಅವಳ ಮಣಿಕಟ್ಟು ಹಿಡಿದೆ. ಬಲಕ್ಕೊಮ್ಮೆ, ಎಡಕ್ಕೊಮ್ಮೆ, ಮತ್ತೆ ಬಲಕ್ಕೊಮ್ಮೆ ನೋಡಿ ಕಾಲಿಟ್ಟೆ.