ಚಂದ್ರಿಕೆಯವನ ಸ್ಥಾನ

ನಮ್ಮ ಮನೆಯೊಳಗೆ ಒಂದು ಸದ್ದಿತ್ತು. ಹುಳದ ಮನೆಯ ಬಾಗಿಲು ತೆಗೆದರೆ ಸಾಕು, ಯಾರೋ ದೂರದಲ್ಲಿ ಕೂತು ಹೊಸ ಸೀರೆಯೊಂದನ್ನು ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ಇದ್ದಾರೆ ಎನಿಸುತ್ತಿತ್ತು. ತಟ್ಟೆಗಳ ಮೇಲೆ ರೇಷ್ಮೆ ಹುಳುಗಳು ಸೊಪ್ಪು ಮೇಯುವ ಸದ್ದು ಅದು. ದಿಬ್ಬೂರಹಳ್ಳಿಯ ಆಚೆ ನಮ್ಮೂರು. ಚಿಕ್ಕಬಳ್ಳಾಪುರದಲ್ಲಿ ಓದುತ್ತಿದ್ದ ನಾನು ಶನಿವಾರದ ಬಸ್ಸಿಳಿದು ಬಂದವಳೇ ಆ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಒಳಗೆ ಹೋಗಬೇಕಾದರೆ ಕಾಲು ತೊಳೆಯಬೇಕು, ಬಾಗಿಲಿನ ಬೇವಿನ ಸೊಪ್ಪು ದಾಟಬೇಕು, ಅಜ್ಜಿಯ ಅಪ್ಪಣೆ ಬೇಕು. ಹುಳಕ್ಕೆ ದೃಷ್ಟಿ ತಾಗುತ್ತದೆ, ಹೊರಗಿನವರ ಉಸಿರೂ ತಾಗುತ್ತದೆ ಎನ್ನುವವಳು ಅವಳು. ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ತಂದಿದ್ದ ನಾನು ಇದನ್ನು ಕೇಳಿ ಸುಮ್ಮನಿರುವವಳಲ್ಲ. ಅಜ್ಜಿ ನನಗೆ ಲಾಯರಮ್ಮ ಎಂದು ಹೆಸರಿಟ್ಟಿದ್ದಳು. ಅದು ಹೊಗಳಿಕೆಯೇನೂ ಆಗಿರಲಿಲ್ಲ.

ಹುಳು ಹಣ್ಣಾಗಿ ಮೈಯೆಲ್ಲ ಬೆಳಕು ತುಂಬಿಕೊಂಡಾಗ ಅದನ್ನು ಚಂದ್ರಿಕೆಗೆ ಬಿಡಬೇಕು. ಬಿದಿರಿನ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ದಬ್ಬೆ ಕಟ್ಟಿದ ಚಂದ್ರಿಕೆಯಲ್ಲೇ ಅದು ಗೂಡು ಕಟ್ಟುವುದು. ಚಂದ್ರಿಕೆ ಹೆಣೆಯುವವರು ಬೆಟ್ಟದ ತಪ್ಪಲಿನ ಹಟ್ಟಿಯ ಬುಡಕಟ್ಟಿನವರು. ಬೆಳಗಿನ ಮಂಜಿನಲ್ಲಿ ಅವರು ಚಂದ್ರಿಕೆಗಳನ್ನು ತಲೆಯ ಮೇಲೆ ಹೊತ್ತು ಇಳಿದು ಬರುತ್ತಿದ್ದರೆ ಮನುಷ್ಯರು ಕಾಣುತ್ತಿರಲಿಲ್ಲ. ಬೆಟ್ಟವೇ ತನ್ನ ಬಾಗಿಲುಗಳನ್ನು ಕಳಚಿ ಊರಿಗೆ ಕಳಿಸಿದ ಹಾಗಿರುತ್ತಿತ್ತು. ಅವರು ಜಗಲಿಯ ತನಕ ಬರಬಹುದಿತ್ತು, ಅಲ್ಲಿಂದ ಒಳಗಿಲ್ಲ. ಅವರ ಕೈಯ ಕೆಲಸ ಮಾತ್ರ ಪ್ರತಿ ಮನೆಯ ಒಳಕೋಣೆಯಲ್ಲೂ ಇತ್ತು.

ನಮ್ಮ ಮನೆಗೆ ಚಂದ್ರಿಕೆ ತರುತ್ತಿದ್ದವನು ಬಾಯಿಬಡುಕ. ಅರ್ಧ ತೆಲುಗು, ಅರ್ಧ ಕನ್ನಡ. ಅಜ್ಜಿ ಒಂದು ಮಾತೆಂದರೆ ಅವನದು ಎರಡು. ಪಂಚಾಯ್ತಿ ಚುನಾವಣೆ ಬಂದು, ಒಂದು ಸ್ಥಾನವನ್ನು ಬುಡಕಟ್ಟಿನವರಿಗೆ ಮೀಸಲಿಟ್ಟಾಗ ಅವನು ನಿಂತ. ಅವನಿಗೆ ಬೇಕಿದ್ದದ್ದು ಒಂದೇ. ಹಟ್ಟಿ ಇದ್ದ ಜಾಗ ಕಾಗದದಲ್ಲಿ ದನ ಮೇಯಿಸುವ ಗೋಮಾಳ. ಅದರ ಮೇಲೆ ಊರಿನ ದೊಡ್ಡವರಿಗೆ ಕಣ್ಣಿತ್ತು. ಪಂಚಾಯ್ತಿಯಲ್ಲಿ ಕೂತು, ಅದು ತಮ್ಮ ಅಜ್ಜ ಮುತ್ತಜ್ಜಂದಿರ ಜಾಗ ಎಂದು ಒಮ್ಮೆ ಬಾಯಿಬಿಟ್ಟು ಹೇಳಬೇಕು, ಅದನ್ನು ಪಂಚಾಯ್ತಿ ಬರೆದುಕೊಳ್ಳಬೇಕು. ಆದರೆ ಆ ಸ್ಥಾನಕ್ಕೆ ಹಟ್ಟಿಯವರಷ್ಟೇ ಅಲ್ಲ, ಊರೆಲ್ಲ ಓಟು ಹಾಕಬೇಕಿತ್ತು.

ಆ ಚಳಿಗಾಲ ಮಂಜು ಮಧ್ಯಾಹ್ನದವರೆಗೂ ಕರಗುತ್ತಿರಲಿಲ್ಲ. ತಟ್ಟೆಗಳಲ್ಲಿದ್ದ ಹುಳುಗಳು ಇದ್ದಲ್ಲೇ ಸೆಟೆದು, ಸೀಮೆಸುಣ್ಣದ ತುಂಡುಗಳಂತೆ ಬೆಳ್ಳಗಾದವು. ಸುಣ್ಣಕಟ್ಟು ರೋಗ. ಥಂಡಿಗೆ ಬರುವುದು, ಅಜ್ಜಿ ಹುಟ್ಟುವ ಮೊದಲಿನಿಂದಲೂ ಬರುತ್ತಿದ್ದದ್ದು. ಆದರೆ ಆ ಸಲ ಬಿಳಿ ಬಣ್ಣಕ್ಕೆ ಬೇರೊಂದು ಕಥೆ ಅಂಟಿಕೊಂಡಿತು. ಮಲೇರಿಯಾ ಇಲಾಖೆಯ ಜೀಪು ಹಟ್ಟಿಗೆ ಹೋಗಿ ಗುಡಿಸಲುಗಳಿಗೆಲ್ಲ ಡಿಡಿಟಿ ಹೊಡೆದಿತ್ತು. ಹುಳ ಸತ್ತಾವೆಂದು ನಮ್ಮೂರವರು ಅದನ್ನು ಒಳಗೆ ಬಿಟ್ಟಿರಲಿಲ್ಲ. ನಮ್ಮ ಮನೆಗೆ ಬಾರದ ಬಿಳಿ ಪುಡಿ ಅವರ ಮನೆಗೇಕೆ ಹೋಯಿತು? ಅರಳಿಕಟ್ಟೆಯ ಮೇಲೆ ಉತ್ತರ ತಾನಾಗಿ ಬೆಳೆಯಿತು. ಬೊಂಬಾಯಿಯ ನಕಲಿ ರೇಷ್ಮೆ ಗಿರಣಿಯವರು ಅಸಲಿ ರೇಷ್ಮೆಯನ್ನು ಮುಗಿಸಲು ಹೊರಟಿದ್ದಾರೆ, ಪುಡಿಯನ್ನು ಚಂದ್ರಿಕೆಯವನಿಗೆ ಕೊಟ್ಟಿದ್ದಾರೆ, ಅದರ ಬದಲಿಗೆ ಅವನಿಗೆ ಪಂಚಾಯ್ತಿ ಕುರ್ಚಿ. ಮೀಸಲಾತಿಯೇ ಆ ಗಿರಣಿಯವರ ಹೂಟವಂತೆ. ಶಿಡ್ಲಘಟ್ಟದ ಗೂಡಿನ ಸಂತೆಗೆ ಹೋಗಿ ವಾಪಸು ಬರುವಷ್ಟರಲ್ಲಿ ಆ ಕಥೆಗೆ ಒಬ್ಬ ದೊರೆಯೂ ಒಂದು ಹಡಗೂ ಸೇರಿಕೊಂಡಿದ್ದವು.

ನಾನು ಅಜ್ಜಿಯ ಜೊತೆ ವಾದಕ್ಕೆ ಕೂತೆ. ನಮ್ಮ ಹುಳ ಸತ್ತದ್ದು ತಟ್ಟೆಯಲ್ಲಿ. ಹೊಸ ಚಂದ್ರಿಕೆಗಳು ಆಗಿನ್ನೂ ಬೆಟ್ಟದಿಂದ ಇಳಿದೇ ಇರಲಿಲ್ಲ. ಮುಟ್ಟದ ವಸ್ತುವಿನಿಂದ ವಿಷ ಏರುವುದು ಹೇಗೆ?

ಅಜ್ಜಿ ಸೊಪ್ಪು ಹೆಚ್ಚುತ್ತಿದ್ದಳು. ಕತ್ತಿ ನಿಲ್ಲಲಿಲ್ಲ.

"ಅದಕ್ಕೇ ಕಣೇ ನಂಗೂ ಅನುಮಾನ. ಮುಟ್ದೇನೇ ಸಾಯ್ಸೋದಾದ್ರೆ ಅದಿನ್ನೆಂಥ ಪುಡಿ ಇರ್ಬೇಕು!"

ಸ್ಪರ್ಧೆಯಲ್ಲಾಗಿದ್ದರೆ ತೀರ್ಪುಗಾರರು ಅಲ್ಲಿಗೇ ಗಂಟೆ ಹೊಡೆಯುತ್ತಿದ್ದರು. ಇಲ್ಲಿ ಗಂಟೆಯಿರಲಿಲ್ಲ. ಚಕಚಕ ಸೊಪ್ಪು ಬೀಳುತ್ತಿತ್ತು, ಹಸಿರು ವಾಸನೆ ತೇಲುತ್ತಿತ್ತು, ನನ್ನ ಮಾತುಗಳು ಅದರಲ್ಲಿ ಕರಗಿ ಹೋಗುತ್ತಿದ್ದವು.

ಮುಂದಿನ ಬೆಳೆ ಹಣ್ಣಾಗುವ ಹೊತ್ತಿಗೆ ಸರಿಯಾಗಿ ಓಟು ಬಂತು. ಹಟ್ಟಿಯಲ್ಲಿ ಕೆಲವರು ಸಿಟ್ಟಿಗೆದ್ದು, ಈ ಸಲ ಚಂದ್ರಿಕೆ ಕೊಡುವುದೇ ಬೇಡ, ಹುಳು ಗೋಡೆ ಹತ್ತಲಿ ಎಂದಿದ್ದರಂತೆ. ಚಂದ್ರಿಕೆಯವನು ಹಾಗೆ ಮಾಡುವುದು ಬೇಡವೆಂದ. ನಮ್ಮ ಜಗಲಿಯಲ್ಲಿ ಕೂತು ಸಡಿಲವಾಗಿದ್ದ ದಬ್ಬೆ ಬಿಗಿಯುತ್ತ ಅದನ್ನು ನನಗೆ ಹೇಳಿದ.

"ಕೊಟ್ರೆ ಪುಡಿ ಹಾಕ್ದ ಅಂತಾರೆ. ಕೊಡ್ದಿದ್ರೆ ನೋಡ್ದ್ರಾ, ಬೆಳೆ ಹಾಳ್ಮಾಡಕ್ಕೇ ಕೊಡ್ಲಿಲ್ಲ ಅಂತಾರೆ. ಏಮಿ ಚೇಸೇದಿ ಸಣ್ಣಮ್ಮ, ಏನ್ ಮಾಡಣ? ಕೊಟ್ರೆ ಹುಳನಾದ್ರೂ ಗೂಡ್ ಕಟ್ತಾವೆ."

ಕಟ್ಟೆಯ ಮುಂದೆ ನಿಂತು ಎಲ್ಲರ ಎದುರು ವಾದಿಸಿ ಗೆಲ್ಲುತ್ತೇನೆ ಎಂದೆ. ಅವನು ನಕ್ಕುಬಿಟ್ಟ. ನಿಮಗೆ ಓಟಿನ ವಯಸ್ಸೂ ಆಗಿಲ್ಲ, ಆಮೇಲೆ ಈ ಹುಡುಗಿಗೂ ಬೊಂಬಾಯಿಯವರು ಪುಡಿ ತಿನ್ನಿಸಿದ್ದಾರೆ ಅನ್ನುತ್ತಾರೆ ಎಂದ. ನಾನು ಹೋಗಿ ವಾದಿಸಿದೆ. ಊರವರು ಅಂದದ್ದೂ ಹಾಗೆಯೇ.

ಅಜ್ಜಿ ಅವನ ಚಂದ್ರಿಕೆಗಳನ್ನು ಬಿಸಿಲಿಗೆ ಹಾಕಿದಳು, ಬೇವಿನ ಹೊಗೆ ಹಾಕಿದಳು, ಅರಿಶಿನದ ನೀರು ಚಿಮುಕಿಸಿದಳು. ಹಣ್ಣಾದ ಹುಳುಗಳನ್ನು ಒಂದೊಂದಾಗಿ ಬಿಟ್ಟೆವು. ಅವು ತಲೆಯೆತ್ತಿ, ಗಾಳಿಯಲ್ಲಿ ಏನನ್ನೋ ಬರೆಯುವಂತೆ ಆಡಿಸುತ್ತ ತಮ್ಮ ಸುತ್ತ ತಾವೇ ಮಬ್ಬಾಗುತ್ತ ಹೋದವು. ಸೀರೆ ಮಡಿಸುವ ಸದ್ದು ನಿಂತಿತು. ನೋಡನೋಡುತ್ತ ಮನೆಯ ತುಂಬ ಹಳದಿ ಬೆಳಕಿನ ಕಾಯಿಗಳು. ಒಂದು ಹುಳವೂ ಕೆಟ್ಟಿರಲಿಲ್ಲ. ಇಷ್ಟು ಗಟ್ಟಿ ಗೂಡನ್ನು ಈಚೆಗೆ ಕಂಡೇ ಇಲ್ಲವೆಂದು ಅಜ್ಜಿಯೇ ಹೇಳಿದಳು.

ನಾನು ಕಾದಿದ್ದು ಆ ಮಾತಿಗೇ. ಮರುದಿನವೇ ಓಟು. ಈಗೇನನ್ನುತ್ತೀ, ಎಲ್ಲಿ ಹೋಯಿತು ನಿನ್ನ ಪುಡಿ ಎಂದು ಕೇಳಿದೆ.

ಅಜ್ಜಿ ಒಂದು ಗೂಡನ್ನು ಕಿವಿಯ ಹತ್ತಿರ ಅಲುಗಿಸಿದಳು.

"ಓಟ್ ಮುಗಿಯೋವರ್ಗೂ ಹಾಕ್ಬೇಡ ಅಂತ ಹೇಳಿರ್ತಾರೆ ಕಣೇ, ಲಾಯರಮ್ಮ. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಅವಳ ಮುಖದಲ್ಲಿ ದ್ವೇಷವಿರಲಿಲ್ಲ. ಅದೇ ನನ್ನನ್ನು ಇವತ್ತಿಗೂ ಕಾಡುತ್ತದೆ. ಮಳೆ ಬರುತ್ತದೆ, ಕೊಡೆ ತಗೋ ಎನ್ನುವ ದನಿ ಅದು. ಹುಳ ಸತ್ತರೆ ಅದು ಸಾಕ್ಷಿ, ಬದುಕಿದರೆ ಅದಕ್ಕಿಂತ ದೊಡ್ಡ ಸಾಕ್ಷಿ. ಇಂಥ ಕಥೆಗೆ ಎದುರುವಾದಿಯೇ ಇರುವುದಿಲ್ಲ. ಎದುರು ಹೇಳಿದ್ದೆಲ್ಲ ಅದಕ್ಕೆ ಸೊಪ್ಪು, ಮೇಯ್ದು ಮೇಯ್ದು ದಪ್ಪವಾಗುತ್ತದೆ.

ಅವನು ಸೋತ. ಸ್ಥಾನವೇನೂ ಖಾಲಿ ಉಳಿಯಲಿಲ್ಲ, ಕಾನೂನಿನ ಪ್ರಕಾರ ಹಟ್ಟಿಯವನೇ ಇನ್ನೊಬ್ಬ ಗೆದ್ದ. ಪಟೇಲರ ಕೊಟ್ಟಿಗೆ ನೋಡಿಕೊಳ್ಳುತ್ತಿದ್ದ ಮುದುಕನನ್ನು ಅವರೇ ನಿಲ್ಲಿಸಿದ್ದರು. ಸಭೆಯಲ್ಲಿ ಕುರ್ಚಿ ತೋರಿಸಿದರೂ ಆ ಮುದುಕ ಬಾಗಿಲ ಕಂಬಕ್ಕೆ ಒರಗಿ ಕೂರುತ್ತಿದ್ದನಂತೆ. ಹೇಳಿದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದನಂತೆ. ಗೋಮಾಳ ತೆರವು ಮಾಡಿಸಬೇಕೆಂದು ಪಂಚಾಯ್ತಿ ಬರೆದುಕೊಂಡ ಪುಟದ ಕೆಳಗೂ ಅವನ ಹೆಬ್ಬೆಟ್ಟಿದೆ. ಬುಡಕಟ್ಟಿನ ಪ್ರತಿನಿಧಿಯ ಒಪ್ಪಿಗೆಯ ಮೇಲೆಯೇ ಹಟ್ಟಿ ಎದ್ದಿತು, ಬೆಟ್ಟದ ಆಚೆ ಮಗ್ಗುಲಿಗೆ ಹೋಯಿತು.

ಆಮೇಲಿನ ಒಂದು ಬೆಳೆಯಲ್ಲಿ ನಾನು ಊರಲ್ಲಿದ್ದೆ. ಹುಳು ಹಣ್ಣಾಗಿ ತಟ್ಟೆಯ ಅಂಚಿನಲ್ಲಿ ತಲೆಯಾಡಿಸುತ್ತಿದ್ದವು. ಅಜ್ಜಿ ಒಳಗೂ ಹೊರಗೂ ಓಡಾಡುತ್ತಿದ್ದಳು. ಮಂಜು ಕರಗಿ, ಬಿಸಿಲೇರಿ, ಬೆಟ್ಟದ ಕಡೆಯ ದಾರಿ ಬಯಲಾಗಿ ಕಂಡರೂ ಚಂದ್ರಿಕೆಯ ಬಾಗಿಲುಗಳು ಇಳಿದು ಬರಲಿಲ್ಲ. ನಡುಹಗಲಿಗೆ ಚಂದ್ರಿಕೆಯವನು ಬಂದ. ಚಂದ್ರಿಕೆ ಇಳಿಸಿ ಜಗಲಿಗೆ ಒರಗಿಸಿ, ಬೆವರೊರೆಸಿಕೊಂಡ.

"ಯಾಕಪ್ಪ ಇಷ್ಟ್ ತಡ? ಹುಳ ಕಾಯ್ತವೇನೋ ನಿಂಗೋಸ್ಕರ?" ಅಜ್ಜಿ ಬೈದಳು.

ಎರಡು ಮಾತಾಡುವವನು ಅವತ್ತು ಒಂದೇ ಆಡಿದ.

"ದೂರ ಆಯ್ತಲ್ಲ ಅಮ್ಮೋರೇ."

ಅಜ್ಜಿ ಬಿಸಿಲಿಗೆ ಹಾಕಲಿಲ್ಲ, ಹೊಗೆಯನ್ನೂ ಹಾಕಲಿಲ್ಲ. ಅದಕ್ಕೆಲ್ಲ ಹೊತ್ತಿರಲಿಲ್ಲ. ಚಂದ್ರಿಕೆಗಳನ್ನು ಹಾಗೆಯೇ ಎತ್ತಿಕೊಂಡು ಒಳಗೆ ಹೋದಳು.